ಅಟ್ಟದಲ್ಲಿ ಸಿಕ್ಕ ಮೂರು ರೇಡಿಯೊ: ಎಷ್ಟಕ್ಕೆ ಕೊಡಬಹುದು?

ಅಡಿಕೆ ತೋಟ (ತೀರ್ಥಹಳ್ಳಿ)
ಎಲ್ಲರಿಗೂ ನಮಸ್ಕಾರ. ಅಜ್ಜನ ಮನೆ ರಿಪೇರಿ ನಡೀತಿದೆ. ಅಟ್ಟ ಖಾಲಿ ಮಾಡುವಾಗ ಮೂರು ರೇಡಿಯೊ ಸಿಕ್ಕವು. ಒಂದು ಮರ್ಫಿ, ಮರದ ಪೆಟ್ಟಿಗೆ, ಒಳಗೆ ಬಲ್ಬಿನ ಥರದ ಗಾಜಿನ ವಾಲ್ವ್‌ಗಳಿವೆ. ಇನ್ನೊಂದು ಫಿಲಿಪ್ಸ್ ಟ್ರಾನ್ಸಿಸ್ಟರ್, ಚರ್ಮದ ಕವರ್ ಸಮೇತ. ಮೂರನೆಯದು ಚಿಕ್ಕಪ್ಪ ಮಸ್ಕತ್‌ನಿಂದ ತಂದಿದ್ದ ನ್ಯಾಷನಲ್ ಪ್ಯಾನಸೋನಿಕ್ ಟೂ-ಇನ್-ಒನ್ (ರೇಡಿಯೊ, ಕ್ಯಾಸೆಟ್ ಎರಡೂ ಇರೋದು). ಯಾವುದನ್ನೂ ಇನ್ನೂ ಹಾಕಿ ನೋಡಿಲ್ಲ.

ಗುಜರಿಯವನು ಮೂರಕ್ಕೂ ಸೇರಿ 600 ರೂಪಾಯಿ ಅಂದ. ಆನ್‌ಲೈನ್‌ನಲ್ಲಿ ನೋಡಿದರೆ ಇದೇ ಥರದ ಮರ್ಫಿಗೆ 45 ಸಾವಿರ ಅಂತ ಹಾಕಿಕೊಂಡಿದ್ದಾರೆ. ನಮ್ಮ ಭಾವ ಯಾವುದೋ ವಿಡಿಯೊ ನೋಡಿ, "ವಾಲ್ವ್ ರೇಡಿಯೊಗೆ ಲಕ್ಷಗಟ್ಟಲೆ ಕೊಡ್ತಾರೆ, ಕೊಟ್ಟುಬಿಡಬೇಡ" ಅಂತ ತಲೆ ತಿನ್ನುತ್ತಿದ್ದಾರೆ. ಯಾವುದನ್ನು ನಂಬೋದು? ನೂರು ವರ್ಷ ಹಳೇದು ಅಂತ ಅಮ್ಮ ಹೇಳುತ್ತಾರೆ.

ಎಸ್.ಪಿ. ರೋಡ್ ಸುತ್ತಾಟ (ಬೆಂಗಳೂರು)
ಮೊದಲು ನೂರು ವರ್ಷದ ವಿಷಯ. ನಮ್ಮ ದೇಶದಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಮುಂಬೈಯಿಂದ ಪ್ರಸಾರ ಶುರು ಮಾಡಿದ್ದೇ 1927ರ ಜುಲೈನಲ್ಲಿ. ನಮ್ಮ ಕಡೆ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಿಂದಲೇ 'ಆಕಾಶವಾಣಿ' ಆರಂಭಿಸಿದ್ದು 1935ರಲ್ಲಿ. ಮಲೆನಾಡಿನ ಮನೆಯಲ್ಲಿ ಅದಕ್ಕೂ ಹಿಂದಿನ ಸೆಟ್ ಇರೋದು ತೀರಾ ಅಪರೂಪ. ನಿಮ್ಮದು ಐವತ್ತು-ಅರವತ್ತರ ದಶಕದ್ದಾಗಿರಬೇಕು. ಅಮ್ಮನಿಗೆ ಬೇಜಾರಾಗದ ಹಾಗೆ ಹೇಳಿ.

45 ಸಾವಿರ ಅವರು *ಕೇಳಿದ* ಬೆಲೆ. ಅದಕ್ಕೆ *ಮಾರಾಟವಾಯಿತಾ* ಅನ್ನೋದು ಬೇರೆ. ಅದೇ ಜಾಹೀರಾತು ಮೂರು ತಿಂಗಳಾದ ಮೇಲೂ ಅಲ್ಲೇ ಇದ್ದರೆ ಆ ಬೆಲೆಗೆ ಗಿರಾಕಿ ಇಲ್ಲ ಅಂತ ತಿಳ್ಕೊಳ್ಳಿ. ಅದನ್ನು ನೋಡಿ ಇನ್ನೊಬ್ಬರು 50 ಸಾವಿರ ಹಾಕುತ್ತಾರೆ. ಹೀಗೇ ಏರುತ್ತಾ ಹೋಗುತ್ತದೆ, ಕೊಳ್ಳುವವರು ಮಾತ್ರ ಬರೋದಿಲ್ಲ.

ಫೋಟೊ ಹಾಕಿ. ಮುಂದುಗಡೆ, ಹಿಂದುಗಡೆ, ತಳ, ಡಯಲ್, ಎಲ್ಲದರದ್ದೂ.

ವಾಲ್ವ್ ಮಾಸ್ತರ್ (ಹುಬ್ಬಳ್ಳಿ)
ತಂಗೀ, ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕುತೂಹಲಕ್ಕೂ ಅದರ ಪ್ಲಗ್ ಹಾಕಬೇಡಿ. ದುರ್ಗದಬೈಲ್ ಹತ್ತಿರ ವರ್ಷಗಟ್ಟಲೆ ರೇಡಿಯೊ ರಿಪೇರಿ ಮಾಡಿದವನು ನಾನು. ಅಟ್ಟದಿಂದ ಇಳಿದ ಸೆಟ್ಟುಗಳು ಕರೆಂಟ್ ಕೊಟ್ಟ ಮೊದಲ ನಿಮಿಷದಲ್ಲೇ ಸತ್ತದ್ದನ್ನು ಬಹಳ ಕಂಡಿದ್ದೇನೆ. ಒಳಗಿನ ಮೇಣದ ಪೇಪರ್ ಕಂಡೆನ್ಸರ್‌ಗಳು (ಕೆಪ್ಯಾಸಿಟರ್) ಲೀಕ್ ಆಗಿರುತ್ತವೆ. ಸ್ಪೀಕರ್ ಓಡಿಸುವ ಔಟ್‌ಪುಟ್ ವಾಲ್ವ್‌ನ ಗ್ರಿಡ್‌ಗೆ (ಅದರ ಕರೆಂಟನ್ನು ಹತೋಟಿಯಲ್ಲಿಡುವ ತಂತಿ) ಹೋಗುವ ಕಂಡೆನ್ಸರ್ ಒಂದು ಲೀಕ್ ಆದರೆ ಸಾಕು. ಆ ವಾಲ್ವ್ ಜಾಸ್ತಿ ಕರೆಂಟ್ ಎಳೆದು ಕೆಂಪಗಾಗುತ್ತದೆ, ಅದರ ಹಿಂದೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಮೂರು ಸಾವಿರಕ್ಕೆ ಹೋಗಬೇಕಾದ ಸೆಟ್ ಐದು ನಿಮಿಷದಲ್ಲಿ ಐನೂರರದ್ದಾಗುತ್ತದೆ.

ನೋಡಲೇಬೇಕಂದರೆ ಸೀರೀಸ್ ಲ್ಯಾಂಪ್ ಹಾಕಿ ನೋಡಬೇಕು. 60 ವಾಟಿನ ಹಳೇ ತಂತಿ ಬಲ್ಬನ್ನು ಸೆಟ್ಟಿನ ಜೊತೆ ಸರಣಿಯಲ್ಲಿ ಹಾಕೋದು. ಬಲ್ಬ್ ಒಮ್ಮೆ ಬೆಳಗಿ ಮಂಕಾದರೆ ಸದ್ಯಕ್ಕೆ ಪರವಾಗಿಲ್ಲ. ಪೂರ್ತಿ ಬೆಳಗುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ಆಫ್ ಮಾಡಿ. ಇದನ್ನೂ ಗೊತ್ತಿರುವವರೇ ಮಾಡಬೇಕು.

ಸುಮ್ನೆ ಕೇಳ್ದೆ (ತುಮಕೂರು)
ಇಷ್ಟೆಲ್ಲಾ ಯಾಕೆ? ಮೊಬೈಲಲ್ಲೇ ರೇಡಿಯೊ ಬರುತ್ತೆ. 600ಕ್ಕೆ ಕೊಟ್ಟು ಅಟ್ಟ ಖಾಲಿ ಮಾಡ್ಕೊಳ್ಳಿ ಅಂತ ನಾನಂತೂ ಹೇಳ್ತೀನಿ.

ಎಸ್.ಪಿ. ರೋಡ್ ಸುತ್ತಾಟ (ಬೆಂಗಳೂರು)
ಗುಜರಿಯವನು 600 ಕೊಟ್ಟದ್ದನ್ನು ಭಾನುವಾರದ ಸಂತೆಯಲ್ಲಿ ಎಷ್ಟಕ್ಕೆ ಕೊಡುತ್ತಾನೆ ಅಂತ ಬಂದು ನೋಡಿ ಸ್ವಾಮಿ.

ಅಡಿಕೆ ತೋಟ (ತೀರ್ಥಹಳ್ಳಿ)
ಪ್ಲಗ್ ಹಾಕಿಲ್ಲ ಸರ್, ಒಳ್ಳೇದೇ ಆಯ್ತು. ಫೋಟೊ ಹಾಕಿದ್ದೇನೆ. ಮರ್ಫಿಯ ಡಯಲ್ ಗಾಜು ಸರಿಯಿದೆ, ಅಕ್ಷರ ಎಲ್ಲಾ ಕಾಣುತ್ತವೆ. ಮುಂದಿನ ನಾಲ್ಕು ತಿರುಪುಗಳಲ್ಲಿ (ನಾಬ್) ಒಂದು ಇಲ್ಲ. ಹಿಂದಿನ ರಟ್ಟೂ ಇಲ್ಲ. ಸ್ಪೀಕರ್ ಬಟ್ಟೆ ಒಂದು ಮೂಲೆಯಲ್ಲಿ ಇಲಿ ತಿಂದಿದೆ. ವಾಲ್ವ್‌ಗಳ ಮೇಲೆ ಇಸಿಎಚ್ 81, ಇಎಫ್ 89, ಇಬಿಸಿ 81, ಇಎಲ್ 84, ಇಝಡ್ 80 ಅಂತಿದೆ. ಎರಡರ ಮೇಲೆ ಬಿಇಎಲ್ ಅಂತಿದೆ. ಅದು ನಮ್ಮ ಬೆಂಗಳೂರಿನದ್ದೇನಾ?

ವಾಲ್ವ್ ಮಾಸ್ತರ್ (ಹುಬ್ಬಳ್ಳಿ)
ಹೌದು, ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್. ಅರವತ್ತರ ದಶಕದಲ್ಲಿ ಅಲ್ಲಿ ರೇಡಿಯೊ ವಾಲ್ವ್ ಮಾಡುತ್ತಿದ್ದರು, ದೇಶವೆಲ್ಲಾ ಅದೇ ಓಡುತ್ತಿತ್ತು. ಆದರೆ ಬಿಇಎಲ್ ವಾಲ್ವ್ ಇದೆ ಅಂತ ಸೆಟ್ಟಿನ ವರ್ಷ ಹೇಳಲಿಕ್ಕಾಗೋದಿಲ್ಲ, ಆಮೇಲೆ ಬದಲಿಸಿದ್ದಿರಬಹುದು. ವಾಲ್ವ್‌ನ ತಳ ನೋಡಬೇಕು. ನಿಮ್ಮವು ಒಂಬತ್ತು ಪಿನ್ನಿನ ಸಣ್ಣ ವಾಲ್ವ್, ಐವತ್ತರ ದಶಕದ ನಡುವಿನಿಂದ ಅರವತ್ತರ ದಶಕದವರೆಗಿನ ಸೆಟ್ಟುಗಳಲ್ಲಿ ಇರುತ್ತಿದ್ದವು. ತಳದಲ್ಲಿ ದಪ್ಪ ಕಪ್ಪು ಬುಡ, ಎಂಟು ಪಿನ್ ಇದ್ದು 6ವಿ6, 5ವೈ3 ಅಂತ ಬರೆದಿದ್ದರೆ ಸಾಮಾನ್ಯವಾಗಿ ಇನ್ನೂ ಹಿಂದಿನದು. ಡಯಲ್ ಮೇಲೆ 'ಕೆಸಿ/ಎಸ್' (ಸೆಕೆಂಡಿಗೆ ಕಿಲೋಸೈಕಲ್) ಅಂತ ಇದ್ದರೆ ಅದೂ ಹಳೇ ಗುರುತು. ಕಿಲೋಹರ್ಟ್ಜ್ ಅಂತ ಬರೆಯೋದು ರೂಢಿಯಾದದ್ದು ಆಮೇಲೆ.

ವಾಲ್ವ್ ಜೀವಂತ ಇದೆಯಾ ಅಂತ ಕಣ್ಣಿಂದಲೇ ಒಂದು ಪರೀಕ್ಷೆ ಮಾಡಬಹುದು. ಗಾಜಿನ ತುದಿಯಲ್ಲಿ ಒಳಗೆ ಕನ್ನಡಿಯ ಹಾಗೆ ಬೆಳ್ಳಿ ಬಣ್ಣದ ಲೇಪ ಇರುತ್ತದೆ. ಅದು ಬೇರಿಯಂ, ಒಳಗೆ ಉಳಿದ ಗಾಳಿಯನ್ನು ಹೀರಲಿಕ್ಕೆ ಇಟ್ಟದ್ದು. ಆ ಜಾಗ ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಗಾಜು ಬಿರುಕು ಬಿಟ್ಟು ಗಾಳಿ ಹೊಕ್ಕಿದೆ ಅಂತ ಅರ್ಥ, ವಾಲ್ವ್ ಕೆಲಸಕ್ಕೆ ಬಾರದು. ಬೆಳ್ಳಿ ಇದ್ದ ಮಾತ್ರಕ್ಕೆ ವಾಲ್ವ್ ಚೆನ್ನಾಗಿದೆ ಅಂತಲೂ ಅಲ್ಲ. ಒಳಗಿನ ತಂತಿ ಕಡಿದಿದೆಯಾ ಅಂತ ಮೀಟರ್ ಹಿಡಿದೇ ನೋಡಬೇಕು.

ಅಡಿಕೆ ತೋಟ (ತೀರ್ಥಹಳ್ಳಿ)
ಬೆಳ್ಳಿ ಬಣ್ಣ ಐದರಲ್ಲೂ ಇದೆ. ಭಾವ ಅದನ್ನೇ ತೋರಿಸಿ "ನೋಡು ಪಾದರಸ" ಅಂತಾರೆ!

ಕಡಲ ತಡಿ (ಉಡುಪಿ)
ಓ ಮಾರಾಯ್ರೆ, ಭಾವ ನೋಡಿದ್ದು 'ರೆಡ್ ಮರ್ಕ್ಯುರಿ' ವಿಡಿಯೊ. ಹಳೇ ರೇಡಿಯೊ, ಹಳೇ ಟಿ.ವಿ. ಒಳಗೆ ಕೆಂಪು ಪಾದರಸ ಇರುತ್ತದೆ, ಅದಕ್ಕೆ ಕೋಟಿ ರೂಪಾಯಿ ಅಂತ. ಅಂಥ ವಸ್ತುವೇ ಇಲ್ಲ. 2009ರಲ್ಲಿ ಸೌದಿಯಲ್ಲಿ ಇದೇ ಗಾಳಿಸುದ್ದಿ ಸಿಂಗರ್ ಹೊಲಿಗೆ ಮಿಷನ್‌ಗೆ ಅಂಟಿಕೊಂಡಿತ್ತು. ಸೂಜಿಯ ಹತ್ತಿರ ಮೊಬೈಲ್ ಹಿಡಿದರೆ ಲೈನ್ ಕಟ್ ಆಗುತ್ತದೆ, ಹಾಗೆ ಕಟ್ ಆದರೆ ಒಳಗೆ ಕೆಂಪು ಪಾದರಸ ಇದೆ ಅಂತ ನಂಬಿ ಜನ ಹಳೇ ಮಿಷನ್‌ಗೆ ರಾಶಿ ರಾಶಿ ರಿಯಾಲ್ ಕೊಟ್ಟರು. ಕಡೆಗೆ ಅಲ್ಲಿನ ಪೊಲೀಸರು ತನಿಖೆ ಮಾಡಬೇಕಾಯಿತು.

ಈ ವಿಡಿಯೊ ಮಾಡುವವರ ಆಟ ಕೊನೆಗೆ ಬರುವುದು ಒಂದೇ ಜಾಗಕ್ಕೆ. "ನಿಮ್ಮ ರೇಡಿಯೊ ಪಾಸಾಗಿದೆ, ಟೆಸ್ಟಿಂಗ್ ಫೀಸ್ ಇಷ್ಟು ಕಳಿಸಿ." ಇನ್ನೊಂದು ಜಾತಿಯವರು ಜಾಹೀರಾತು ಹಾಕಿದ ಹತ್ತು ನಿಮಿಷಕ್ಕೇ ಫೋನ್ ಮಾಡುತ್ತಾರೆ. ಬೆಲೆಗೆ ಚೌಕಾಸಿ ಇಲ್ಲ, ವಸ್ತು ನೋಡುವುದೂ ಇಲ್ಲ. ಹಣ ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂತಾರೆ. ಹಣ ಪಡೆಯಲಿಕ್ಕೆ ಪಿನ್ ಬೇಡ. ಪಿನ್ ಹಾಕಿದರೆ ಹೋಗುವುದು ನಿಮ್ಮ ಹಣವೇ.

ನಿರ್ವಾಹಕ
ಸಾರ್ವಜನಿಕವಾಗಿ ಯಾರೂ ಫೋನ್ ನಂಬರ್ ಹಾಕಬೇಡಿ. ಎರಡು ಅಳಿಸಿದ್ದೇನೆ.

ಎಸ್.ಪಿ. ರೋಡ್ ಸುತ್ತಾಟ (ಬೆಂಗಳೂರು)
ಈಗ ಬೆಲೆಗೆ ಬರೋಣ. ಜನ ಮೊದಲು ಕಂಪನಿ ಹೆಸರು ನೋಡುತ್ತಾರೆ, ಆಮೇಲೆ ವಯಸ್ಸು, ಆಮೇಲೆ ಹಾಡುತ್ತದಾ ಅಂತ. ನಾನು ನೋಡೋದು ಉಲ್ಟಾ. ಮೊದಲು ಏನೇನು ಇಲ್ಲ ಅಂತ ಎಣಿಸುತ್ತೇನೆ. ಅದು ಮತ್ತೆ ಸಿಗುತ್ತಾ ಅಂತ ಯೋಚಿಸುತ್ತೇನೆ. ಬೆಲೆ ಅಲ್ಲಿಂದಲೇ ಹುಟ್ಟೋದು.

ವಾಲ್ವ್ ಹೋಗಿದ್ದರೆ ಸಿಗುತ್ತದೆ. ಇಸಿಎಚ್ 81, ಇಎಲ್ 84 ಇವತ್ತಿಗೂ ಹುಡುಕಿದರೆ ಸಿಗುವ ಮಾಲು. ಕಂಡೆನ್ಸರ್ ಹೊಸದೇ ಹಾಕಬಹುದು, ಕೆಲವು ನೂರು ರೂಪಾಯಿ ಕೆಲಸ. ಡಯಲ್ ದಾರ ಕಡಿದಿದ್ದರೆ ಮಾಸ್ತರರಂಥವರು ಕಟ್ಟಿಕೊಡುತ್ತಾರೆ. ಆದರೆ ಡಯಲ್ ಗಾಜು ಒಡೆದಿದ್ದರೆ? ಒಂದೊಂದು ಮಾಡೆಲ್‌ಗೆ ಒಂದೊಂದು ಗಾಜು. ಅದೇ ಮಾಡೆಲಿನ ಇನ್ನೊಂದು ಸತ್ತ ಸೆಟ್ ಸಿಗಬೇಕು, ಇಲ್ಲಾಂದ್ರೆ ಇಲ್ಲ. ಅದಕ್ಕೇ ಗಾಜು ಒಡೆದ ಸೆಟ್ ಹಾಡುತ್ತಿದ್ದರೂ ನಾನು ಅರ್ಧಕ್ಕಿಂತ ಕಡಿಮೆ ಹೇಳುತ್ತೇನೆ. ಗಾಜು ಸರಿಯಿದ್ದು ಮೌನವಾಗಿರುವ ಸೆಟ್ಟಿಗೆ ಜಾಸ್ತಿ ಕೊಡುತ್ತೇನೆ. ಕೇಳಿದವರಿಗೆ ವಿಚಿತ್ರ ಅನ್ನಿಸುತ್ತದೆ.

ಡಯಲನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ ಮೇಡಂ, ದಯವಿಟ್ಟು. ಸ್ಟೇಷನ್ ಹೆಸರಿನ ಅಕ್ಷರಗಳು ಗಾಜಿನ ಹಿಂಬದಿಗೆ ಬಳಿದ ಬಣ್ಣ. ಒಳಗಡೆ ಒಂದು ಸಲ ಸೋಪುನೀರು ಮುಟ್ಟಿಸಿದರೆ ಸಿಲೋನೂ ಇಲ್ಲ, ದೆಹಲಿಯೂ ಇಲ್ಲ.

ಹಿಂದಿನ ರಟ್ಟು ಇಲ್ಲದಿರೋದು ಸಣ್ಣ ಕೊರತೆ ಅನ್ನಿಸುತ್ತದೆ, ಆದರೆ ಮಾಡೆಲ್ ನಂಬರ್ ಅದರ ಮೇಲೇ ಇರುತ್ತಿತ್ತು. ಇಲಿ, ಜಿರಳೆಗೆ ದಾರಿ ಆಗಿದ್ದೂ ಅದೇ. ತಿರುಪು ಒಂದು ಇಲ್ಲದಿದ್ದರೆ ಅಚ್ಚು ತೆಗೆದು ರೆಸಿನ್‌ನಲ್ಲಿ ಮಾಡಿಸಬಹುದು, ಹತ್ತಿರದಿಂದ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಅಟ್ಟದಲ್ಲಿ ಇನ್ನೊಮ್ಮೆ ಹುಡುಕಿ. ಇಂಥ ತಿರುಪು ಗುಂಡಿ ಡಬ್ಬದಲ್ಲಿ, ದೇವರ ಗೂಡಿನಲ್ಲಿ ಸಿಕ್ಕಿದ್ದುಂಟು.

ನನ್ನ ಲೆಕ್ಕ: ನಿಮ್ಮ ಮರ್ಫಿ ಈಗಿರುವ ಹಾಗೇ 2,500ರಿಂದ 3,500. ರಟ್ಟು, ತಿರುಪು ಎಲ್ಲಾ ಇದ್ದು, ಹಾಡುತ್ತಿದ್ದು, ಪಾಲಿಶ್ ಮೂಲದ್ದೇ ಆಗಿದ್ದರೆ ನಾನೇ ಏಳೆಂಟು ಸಾವಿರ ಕೊಡುತ್ತಿದ್ದೆ. ಇದು ಬೆಂಗಳೂರಿನ ಒಬ್ಬ ಹವ್ಯಾಸಿಯ ಲೆಕ್ಕ ಅಷ್ಟೆ, ಇನ್ನೊಬ್ಬರು ಬೇರೆ ಹೇಳಬಹುದು.

ಚಾಮುಂಡಿ ತಪ್ಪಲು (ಮೈಸೂರು)
ನಾನು ಬೇರೆ ಹೇಳುತ್ತೇನೆ. ಈಗ ಹೋಮ್‌ಸ್ಟೇ, ಕೆಫೆಯವರು ಬರೀ ನೋಟಕ್ಕೆ ಕೊಳ್ಳುತ್ತಾರೆ. ಅವರಿಗೆ ಒಳಗೆ ವಾಲ್ವ್ ಇದ್ದರೂ ಒಂದೇ, ಇಲಿ ಇದ್ದರೂ ಒಂದೇ. ಮರದ ಪೆಟ್ಟಿಗೆ ಹೊಳೆಯಬೇಕು. ಸೀರಿಯಲ್ ಸೆಟ್ಟಿನವರು ಬಾಡಿಗೆಗೂ ಒಯ್ಯುತ್ತಾರೆ. ಅಂಥವರಿಗೆ 5,000 ಹೇಳಿ ನೋಡಿ, ಕೊಡುತ್ತಾರೆ.

ಇನ್ನೊಂದು. ರೇಡಿಯೊ ಜೊತೆ ಲೈಸೆನ್ಸ್ ಪುಸ್ತಕ ಇದೆಯಾ? ಆಗ ರೇಡಿಯೊ ಇಟ್ಟುಕೊಳ್ಳಲು ಪೋಸ್ಟ್ ಆಫೀಸಿನಲ್ಲಿ ವರ್ಷ ವರ್ಷ ದುಡ್ಡು ಕಟ್ಟಿ ಲೈಸೆನ್ಸ್ ಮಾಡಿಸಬೇಕಿತ್ತು. ಎಂಬತ್ತರ ದಶಕದ ನಡುವೆ ಅದನ್ನು ತೆಗೆದರು. ಆ ಪುಸ್ತಕ, ಅಂಗಡಿಯ ಬಿಲ್ಲು ಇದ್ದರೆ ಸೆಟ್ಟಿನ ವಯಸ್ಸಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಪುಸ್ತಕಗಳನ್ನೇ ಕೂಡಿಡುವವರೂ ಇದ್ದಾರೆ, ನಾನೂ ಒಬ್ಬಳು. ಹಳೇ ಕಾಗದದ ಟ್ರಂಕ್ ಗುಜರಿಗೆ ಹಾಕುವ ಮೊದಲು ನೋಡಿ.

ವಾಲ್ವ್ ಮಾಸ್ತರ್ (ಹುಬ್ಬಳ್ಳಿ)
ಕೆಫೆಯವರ ಮಾತು ಬಂತು ಅಂತ ಹೇಳುತ್ತೇನೆ. ಅವರು ಏನು ಮಾಡುತ್ತಾರೆ ಗೊತ್ತೇನು? ಚಾಸಿಸ್ (ವಾಲ್ವ್, ಟ್ರಾನ್ಸ್‌ಫಾರ್ಮರ್ ಎಲ್ಲಾ ಕೂರಿಸಿದ ಲೋಹದ ತಟ್ಟೆ) ಕಿತ್ತು ಬಿಸಾಡಿ ಒಳಗೆ ಬ್ಲೂಟೂತ್ ಸ್ಪೀಕರ್ ಇಡುತ್ತಾರೆ. ಹಸಿರು ಬಲ್ಬು ಹಾಕುತ್ತಾರೆ. ನನಗೆ ಹೊಟ್ಟೆ ಉರಿಯುತ್ತದೆ.

ಚಾಮುಂಡಿ ತಪ್ಪಲು (ಮೈಸೂರು)
ಉರಿಯಲಿ ಬಿಡಿ ಮಾಸ್ತರೇ, ಆದರೆ ಅಡಿಕೆ ತೋಟದವರು ಕೇಳಿದ್ದು ಬೆಲೆ. ದುಡ್ಡು ಕೊಡುವವನು ಮನೆಗೆ ಒಯ್ದು ಏನು ಬೇಕಾದರೂ ಮಾಡಿಕೊಳ್ಳಲಿ. ಚಾಸಿಸ್ ನನಗೆ ಬೇಕು, ಬಿಸಾಡಬೇಡಿ ಅಂತ ಒಂದು ಮಾತು ಹೇಳಿದರೆ ಅವರೇ ಬಿಟ್ಟು ಹೋಗುತ್ತಾರೆ. ವಾಲ್ವ್, ಟ್ರಾನ್ಸ್‌ಫಾರ್ಮರ್ ಬೇರೆಯವರಿಗೆ ಆಗುತ್ತವೆ.

ಅಡಿಕೆ ತೋಟ (ತೀರ್ಥಹಳ್ಳಿ)
ಹಾಗಾದರೆ ರಿಪೇರಿ ಮಾಡಿಸಿ ಮಾರೋದಾ, ಹಾಗೇ ಮಾರೋದಾ?

ವಾಲ್ವ್ ಮಾಸ್ತರ್ (ಹುಬ್ಬಳ್ಳಿ)
ಮಾಡಿಸಿಯೇ ಮಾರಬೇಕು. ಹಾಡುವ ಸೆಟ್ಟಿನ ಎದುರು ನಿಂತವನು ಚೌಕಾಸಿ ಕಡಿಮೆ ಮಾಡುತ್ತಾನೆ.

ಎಸ್.ಪಿ. ರೋಡ್ ಸುತ್ತಾಟ (ಬೆಂಗಳೂರು)
ಇಲ್ಲಿ ಮಾಸ್ತರರ ಮಾತು ನಾನು ಒಪ್ಪಲ್ಲ. ಅವರ ಕೈಯಲ್ಲಾದರೆ ಸರಿ. ಊರಲ್ಲಿ ಈಗ ವಾಲ್ವ್ ಸೆಟ್ ಮುಟ್ಟಿದವರು ಎಷ್ಟು ಜನ ಇದ್ದಾರೆ? ಟಿ.ವಿ. ರಿಪೇರಿಯವನ ಹತ್ತಿರ ಕೊಟ್ಟರೆ ಸಿಕ್ಕ ಕಂಡೆನ್ಸರ್ ಹಾಕಿ, ಸ್ಟೇಷನ್ ಸರಿಯಾಗಿ ಹಿಡಿಯಲು ಹೊಂದಿಸಿಟ್ಟ ಐಎಫ್ ಕಾಯಿಲ್‌ಗಳ ಸ್ಕ್ರೂ ಎಲ್ಲಾ ತಿರುಗಿಸಿ ಕಳಿಸುತ್ತಾನೆ. ಆಮೇಲೆ ಆ ಹೊಂದಾಣಿಕೆ (ಅಲೈನ್‌ಮೆಂಟ್) ಸರಿ ಮಾಡೋದು ದೊಡ್ಡ ತಲೆನೋವು. ಯಾರೂ ಕೈ ಹಾಕದ ಸೆಟ್ ಅಂದರೆ ನಮ್ಮಂಥವರಿಗೆ ನಂಬಿಕೆ ಜಾಸ್ತಿ. ರಿಪೇರಿಗೆ 2,500 ಹಾಕಿ ಬೆಲೆ 2,000 ಏರಿದರೆ ಏನು ಬಂತು? ವಾರ್ನಿಶ್ ಹೊಡೆಸೋದಂತೂ ಬೇಡವೇ ಬೇಡ.

ಕಾಟನ್ ಮಾರ್ಕೆಟ್ (ಗದಗ)
ನಮ್ಮ ಮನೆಯಲ್ಲೂ ಒಂದು ಇದೆ, ನೋಡಲು ವಾಲ್ವ್ ಸೆಟ್ಟೇ. ಆದರೆ ಪ್ಲಗ್ ಬದಲು ನಾಲ್ಕು ತೂತಿನ ಸಾಕೆಟ್ ಥರದ್ದು ಇದೆ. ವಾಲ್ವ್ ಮೇಲೆ ಡಿಕೆ 96, ಡಿಎಲ್ 96 ಅಂತಿದೆ. ಇದಕ್ಕೆ ಮೂರು ಪಿನ್ನಿನ ವೈರ್ ಹಾಕಿಸಬಹುದಾ?

ವಾಲ್ವ್ ಮಾಸ್ತರ್ (ಹುಬ್ಬಳ್ಳಿ)
ಬೇಡ! ಅದು ಬ್ಯಾಟರಿ ಸೆಟ್. ಊರಿಗೆ ಕರೆಂಟ್ ಬಾರದ ಕಾಲದ್ದು. ಅದಕ್ಕೆ ಒಂದೂವರೆ ವೋಲ್ಟಿನ ಒಂದು, 90 ವೋಲ್ಟಿನ ಒಂದು, ಎರಡೂ ಸಪ್ಲೈ ಬೇಕು. 230 ಕೊಟ್ಟರೆ ಎಲ್ಲಾ ವಾಲ್ವ್‌ಗಳ ತಂತಿ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಹೋಗುತ್ತವೆ. ಆ ಬ್ಯಾಟರಿ ಈಗ ಅಂಗಡಿಯಲ್ಲಿ ಸಿಗೋದಿಲ್ಲ, ಅದಕ್ಕೇ ಸಾಮಾನ್ಯ ಗಿರಾಕಿಗೆ ಬೇಡ. ತಿಳಿದವರು ಸಣ್ಣ ಸಪ್ಲೈ ಮಾಡಿಕೊಂಡು ಹಾಡಿಸುತ್ತಾರೆ. ಕೊಡುವುದಿದ್ದರೆ ಅಂಥವರಿಗೇ ಕೊಡಿ.

ಇದರ ಜೊತೆ ಇನ್ನೊಂದು ಎಚ್ಚರ, ಎಲ್ಲರಿಗೂ. ವಾಲ್ವ್ ಹೆಸರು 'ಯು'ದಿಂದ ಶುರುವಾದರೆ, ಯುಸಿಎಚ್ 81, ಯುಎಲ್ 84 ಹೀಗೆ, ಅದು ಎಸಿ-ಡಿಸಿ ಸೆಟ್. ಸಾಮಾನ್ಯವಾಗಿ ಒಳಗೆ ಪವರ್ ಟ್ರಾನ್ಸ್‌ಫಾರ್ಮರ್ ಇರೋದಿಲ್ಲ. ಪ್ಲಗ್ ತಿರುಗುಮುರುಗಾದರೆ ಚಾಸಿಸ್‌ಗೇ ಕರೆಂಟ್. ತಿರುಪು ಕಳಚಿದ ಕಡ್ಡಿ ಮುಟ್ಟಿದರೆ ಹೊಡೆಯುತ್ತದೆ. ಮಕ್ಕಳಿರುವ ಮನೆಗೆ ಅಂಥ ಸೆಟ್ ಮಾರುವಾಗ ಹೇಳಿ ಮಾರಬೇಕು.

ಫ್ರಾಂಕ್‌ಫರ್ಟ್ ಕನ್ನಡಿಗ
ಇಲ್ಲಿ ಹಳೇ ಸಾಮಾನಿನ ಸಂತೆಯಲ್ಲಿ ಗ್ರುಂಡಿಗ್, ಟೆಲಿಫುಂಕನ್, ಸಾಬಾ ವಾಲ್ವ್ ಸೆಟ್ ರಾಶಿ ಬಿದ್ದಿರುತ್ತವೆ. ಭಾರತದಲ್ಲಿ ಅವಕ್ಕೆ ಬೆಲೆ ಜಾಸ್ತಿ ಅಂತ ಕೇಳಿದ್ದೆ. ಎಫ್ಎಂ ಬೇರೆ ಇರುತ್ತದೆ. ಬರುವಾಗ ತಂದರೆ ಲಾಭವಾ?

ಎಸ್.ಪಿ. ರೋಡ್ ಸುತ್ತಾಟ (ಬೆಂಗಳೂರು)
ಎಫ್ಎಂ ಇದೆ, ಆದರೆ ಡಯಲ್ ಎಲ್ಲಿವರೆಗೆ ಹೋಗುತ್ತದೆ ನೋಡಿ. ಐವತ್ತರ ದಶಕದ ಜರ್ಮನ್ ಸೆಟ್ಟುಗಳಲ್ಲಿ ಬಹಳಷ್ಟು 100 ಮೆಗಾಹರ್ಟ್ಜ್‌ಗೇ ನಿಲ್ಲುತ್ತವೆ. ಬೆಂಗಳೂರಲ್ಲಿ ಎಫ್ಎಂ ರೇನ್‌ಬೋ 101.3, ವಿವಿಧ ಭಾರತಿ 102.9. ಎರಡೂ ಸಿಗಲ್ಲ. 104ರವರೆಗೆ ಹೋಗುವ ಸೆಟ್ ಆದರೆ ಇಲ್ಲಿ ಗಿರಾಕಿ ಖುಷಿಯಾಗುತ್ತಾನೆ. ಹತ್ತು-ಹದಿನೈದು ಕೆ.ಜಿ. ಭಾರ ಬೇರೆ, ವಿಮಾನದ ಲಗೇಜ್ ಲೆಕ್ಕ ಹಾಕಿ.

ನಮ್ಮ ಊರಿನದ್ದೇ ಬೇಕೆನ್ನುವವರಿಗೆ ಒಂದು ಹೆಸರು ಹೇಳುತ್ತೇನೆ: ರೆಮ್ಕೊ. ಆ ರೇಡಿಯೊ ಕಾರ್ಖಾನೆ ಬೆಂಗಳೂರಿನ ಮೈಸೂರು ರಸ್ತೆಯಲ್ಲಿತ್ತು, ವಿಜಯನಗರದ ಕಡೆ ಈಗಲೂ ರೆಮ್ಕೊ ಬಡಾವಣೆ ಇದೆ. ಆ ಹೆಸರಿನ ಸೆಟ್ ಯಾರ ಮನೆಯಲ್ಲಾದರೂ ಇದ್ದರೆ ಗುಜರಿಗೆ ಹಾಕುವ ಮೊದಲು ನನಗೊಂದು ಮೆಸೇಜ್ ಹಾಕಿ.

ಕಡಲ ತಡಿ (ಉಡುಪಿ)
ಟೂ-ಇನ್-ಒನ್ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಕಡೆ ಗಲ್ಫ್‌ಗೆ ಹೋದವರಿರುವ ಮನೆಯಲ್ಲೆಲ್ಲಾ ಒಂದೊಂದು ಇತ್ತು, ಅದಕ್ಕೇ ಅಪರೂಪ ಅಲ್ಲ. ಒಂದೇ ಸ್ಪೀಕರಿನ ಸಾದಾ ನ್ಯಾಷನಲ್‌ಗೆ 500-800 ಬಂದರೆ ಕೊಡಿ. ಕ್ಯಾಸೆಟ್ ಬಾಗಿಲು ತೆಗೆದು ನೋಡಿ. ಪ್ಲೇ ಒತ್ತಿದರೆ ಮೋಟಾರ್ ತಿರುಗುವ ಸದ್ದು ಬಂದು ಟೇಪ್ ಓಡದಿದ್ದರೆ ಒಳಗಿನ ಬೆಲ್ಟ್ ಡಾಂಬರಿನ ಹಾಗೆ ಕರಗಿರುತ್ತದೆ. ಬದಲಿಸುವುದು ಸುಲಭ, ಒರೆಸುವುದೇ ಹಿಂಸೆ. ಎರಡೂ ಕಡೆ ದೊಡ್ಡ ಸ್ಪೀಕರಿನ ಶಾರ್ಪ್ ಜಿಎಫ್ 777 ಅಥವಾ ಜೆವಿಸಿ ಆರ್‌ಸಿ-ಎಂ90 ಆಗಿದ್ದರೆ ಕಥೆಯೇ ಬೇರೆ. ಅವಕ್ಕೆ ಹೊರದೇಶದಲ್ಲೂ ಗಿರಾಕಿ ಇದ್ದಾರೆ.

ವಾಲ್ವ್ ಮಾಸ್ತರ್ (ಹುಬ್ಬಳ್ಳಿ)
ಫಿಲಿಪ್ಸ್ ಟ್ರಾನ್ಸಿಸ್ಟರ್‌ಗೆ ಹಿಂದಿನ ಮುಚ್ಚಳ ತೆಗೆದು ಸೆಲ್ ಜಾಗ ನೋಡಿ. ಸೆಲ್ ಒಳಗೇ ಬಿಟ್ಟಿದ್ದರೆ ಹಸಿರು ಕಿಲುಬು ಪಟ್ಟಿಯನ್ನೂ ಬೋರ್ಡನ್ನೂ ತಿಂದಿರುತ್ತದೆ. ಚೊಕ್ಕಟ ಇದ್ದು ಶಬ್ದ ಮಾತ್ರ ಇಲ್ಲವೆಂದರೆ ಎಎಫ್ 114ರಿಂದ 117ರವರೆಗಿನ ಟ್ರಾನ್ಸಿಸ್ಟರ್ ಇವೆಯಾ ನೋಡಬೇಕು. ಅವುಗಳ ಡಬ್ಬಿಯೊಳಗೆ ತವರದ ಕೂದಲು ಬೆಳೆದು ಶಾರ್ಟ್ ಆಗುತ್ತದೆ. ಶೀಲ್ಡ್ ಕಾಲು (ಡಬ್ಬಿಗೆ ಸೇರಿದ ತಂತಿ) ಕತ್ತರಿಸಿದರೆ ಎಷ್ಟೋ ಸಲ ಮತ್ತೆ ಹಾಡುತ್ತದೆ. ಮೀಡಿಯಂ ವೇವ್‌ನಲ್ಲಿ ಭದ್ರಾವತಿ ಆಕಾಶವಾಣಿಯ 675 ಕಿಲೋಹರ್ಟ್ಜ್ ಹಿಡಿಯುತ್ತದಾ ನೋಡಿ, ನಿಮಗೆ ಹತ್ತಿರ. ನಮಗಾದರೆ ಧಾರವಾಡದ 765. ಚರ್ಮದ ಕವರ್ ಹರಿದಿಲ್ಲದಿದ್ದರೆ ಸಾವಿರಕ್ಕೆ ಮೋಸವಿಲ್ಲ.

ಅಡಿಕೆ ತೋಟ (ತೀರ್ಥಹಳ್ಳಿ)
ಸೆಲ್ ಒಳಗೆ ಇರಲಿಲ್ಲ, ಅಜ್ಜ ತೆಗೆದಿಟ್ಟಿದ್ದರು! ಲೈಸೆನ್ಸ್ ಪುಸ್ತಕವೂ ಸಿಕ್ಕಿತು, ಅಮ್ಮನ ಟ್ರಂಕಿನಲ್ಲಿ. ಮೊದಲ ಪುಟದಲ್ಲಿ 1962 ಅಂತಿದೆ. ಪುಸ್ತಕ ಕೊಡೋದಿಲ್ಲ ಅಂತ ಅಮ್ಮ ಹೇಳಿಬಿಟ್ಟರು. ಟ್ರಾನ್ಸಿಸ್ಟರ್ ನಾನೇ ಇಟ್ಟುಕೊಳ್ಳುತ್ತೇನೆ. ಮರ್ಫಿ, ಟೂ-ಇನ್-ಒನ್ ಮಾತ್ರ ಕೊಡೋದು.

ಚಾಮುಂಡಿ ತಪ್ಪಲು (ಮೈಸೂರು)
ಪುಸ್ತಕದ ಎಲ್ಲಾ ಪುಟಗಳ ಫೋಟೊ ತೆಗೆದು ಮರ್ಫಿ ಕೊಳ್ಳುವವರಿಗೆ ಕೊಡಿ. ಅಷ್ಟಕ್ಕೇ ಐನೂರು ಜಾಸ್ತಿ ಕೇಳಬಹುದು.

ಎಸ್.ಪಿ. ರೋಡ್ ಸುತ್ತಾಟ (ಬೆಂಗಳೂರು)
ಕೇಳಿ, ಕೊಡುತ್ತೇನೆ. 62 ಅಂದರೆ ವಾಲ್ವ್ ಲೆಕ್ಕಕ್ಕೂ ಸರಿ ಹೊಂದುತ್ತದೆ. ಇನ್ನೆರಡು ವಾರಕ್ಕೆ ಶಿವಮೊಗ್ಗಕ್ಕೆ ಬರೋದಿದೆ, ಬಸ್ ಪಾರ್ಸೆಲ್‌ಗೆ ಹಾಕಬೇಡಿ. ಟ್ರಾನ್ಸ್‌ಫಾರ್ಮರ್ ಭಾರಕ್ಕೆ ಚಾಸಿಸ್ ಜರುಗಿ ಗಾಜು ಒಡೆದೀತು. ನಾನೇ ಬಂದು ನಿಮ್ಮೆದುರೇ ಪರೀಕ್ಷೆ ಮಾಡಿ, ಆಮೇಲೆ ಬೆಲೆ ಮಾತಾಡೋಣ. ನಿಮಗೆ ಒಪ್ಪಿಗೆಯಾಗದಿದ್ದರೆ ಕೆಫೆಯವರಿಗೆ ಕೊಡಿ, ಬೇಜಾರಿಲ್ಲ.

ಅಡಿಕೆ ತೋಟ (ತೀರ್ಥಹಳ್ಳಿ)
ಬನ್ನಿ ಸರ್, ಊಟ ನಮ್ಮಲ್ಲೇ. ಸೀರೀಸ್ ಲ್ಯಾಂಪ್‌ಗೆ ನಮ್ಮಲ್ಲಿ ಎಲ್ಇಡಿ ಬಲ್ಬ್ ಇದೆ, ನಡೆಯುತ್ತಾ?

ವಾಲ್ವ್ ಮಾಸ್ತರ್ (ಹುಬ್ಬಳ್ಳಿ)
ಎಲ್ಇಡಿ ನಡೆಯೋದಿಲ್ಲ ತಂಗೀ, ತಂತಿ ಬಲ್ಬೇ ಬೇಕು. ಕೊಟ್ಟಿಗೆಯಲ್ಲಿ ಹಳೇದೊಂದು ಇರುತ್ತದೆ, ನೋಡಿ.